ಸಮುದ್ರತೃಣಗಳ ಲೋಹಗ್ರಹಣವಿಚಾರ

ಕಲುಷಿತವಾದ ಸಮುದ್ರಜಲದಲ್ಲಿರುವ ಸೀಸ, ಪಾರದ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳನ್ನು ಕಡಲಹುಲ್ಲು ತನ್ನೊಳಕ್ಕೆ ಹೀರಿಕೊಳ್ಳುವುದೆಂಬ ಸಂಗತಿಯು ಈಚಿನ ದಶಕಗಳಲ್ಲಿ ನಾನಾ ದೇಶಗಳ ವಿದ್ವಾಂಸರಿಂದ ಪರೀಕ್ಷಿತವಾಗಿ ಸಿದ್ಧಪಟ್ಟಿದೆ. ಇದರಿಂದಲೇ ‘ಕಡಲಹುಲ್ಲು ಸಮುದ್ರವನ್ನು ಶುದ್ಧಿಗೊಳಿಸುತ್ತದೆ’ ಎಂಬ ಮಾತು ಹುಟ್ಟಿ ಲೋಕದಲ್ಲಿ ಪ್ರಚಾರಕ್ಕೆ ಬಂದಿದೆ. ಆದರೆ ಹೀರುವುದು ಬೇರೆ, ಶುದ್ಧಿಗೊಳಿಸುವುದು ಬೇರೆ. ಮೊದಲನೆಯದು ಪ್ರತ್ಯಕ್ಷದಿಂದ ತಿಳಿದದ್ದು. ಎರಡನೆಯದು ಅದರಿಂದ ಮಾಡಿದ ಅನುಮಾನ. ಆ ಅನುಮಾನವು ನಿರ್ದುಷ್ಟವಾದುದೇ, ಅಥವಾ ಹೇತುವಿನಲ್ಲಿಯೇ ದೋಷವುಂಟೇ ಎಂಬುದನ್ನು ಭೂಮಧ್ಯಸಮುದ್ರದ ಒಂದು ಪ್ರಸಿದ್ಧವಾದ ಹುಲ್ಲನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದಾರ್ಥನಿರ್ಣಯವು ಅವಶ್ಯ. ನೀರಿನಲ್ಲಿ ಬೆಳೆಯುವ ಹಸುರಾದ ವಸ್ತುವನ್ನೆಲ್ಲ ಪಾಚಿಯೆಂದು ಕರೆಯುವ ವಾಡಿಕೆಯುಂಟು. ಅಮರಸಿಂಹನು ವಾರಿವರ್ಗದಲ್ಲಿ ಹೇಳಿರುವ ಶೈವಾಲವು, ಎಂದರೆ ಜಲನೀಲಿಯು, ಆ ಪಾಚಿಯೇ. ಅದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಕಡಲಹುಲ್ಲಾದರೋ ಹಾಗಲ್ಲ. ಅದಕ್ಕೆ ಬೇರು, ಕಾಂಡ, ಎಲೆ ಮೂರೂ ಉಂಟು. ನೀರಿನೊಳಗೇ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ನೆಲದ ಮೇಲೆ ಬಾಳಿದ ಏಕದಳ ಸಸ್ಯಗಳ ಕೆಲವು ಸಂತತಿಗಳು ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಪುನಃ ಸಮುದ್ರಕ್ಕಿಳಿದುದರಿಂದ ಈ ವರ್ಗವು ಉಂಟಾಯಿತೆಂದು ಸಸ್ಯಶಾಸ್ತ್ರಜ್ಞರ ಮತ. ಲೋಕದಲ್ಲಿ ಇದರ ಜಾತಿಗಳು ಅರುವತ್ತು ಎಪ್ಪತ್ತಕ್ಕೆ ಮಿಕ್ಕಿಲ್ಲ. ಇವು ದೂರ್ವಾದಿ ತೃಣಗಳ ಕುಲಕ್ಕೆ ಸೇರಿದವಲ್ಲ. ಎಲೆಯ ಆಕಾರಸಾದೃಶ್ಯದಿಂದ ಮಾತ್ರ ಹುಲ್ಲೆಂಬ ಹೆಸರು ಬಂದಿದೆ.

ಇವುಗಳಲ್ಲಿ ಪೊಸಿಡೋನಿಯಾ ಓಷಿಯಾನಿಕ ಎಂಬುದು ಭೂಮಧ್ಯಸಮುದ್ರದಲ್ಲಿ ಹೊರತು ಮತ್ತೆಲ್ಲಿಯೂ ಬೆಳೆಯದು. ಪೊಸಿಡೋನ್ ಎಂಬಾತನು ಗ್ರೀಕರ ಸಮುದ್ರದೇವತೆ, ನಮ್ಮವರ ವರುಣಸ್ಥಾನೀಯನು. ಅವನ ಹೆಸರು ಈ ಹುಲ್ಲಿಗೆ ಸಲ್ಲತಕ್ಕದ್ದೇ. ‘ಓಷಿಯಾನಿಕ’, ಎಂದರೆ ಮಹಾಸಾಗರದ್ದು, ಎಂಬ ವಿಶೇಷಣವು ಮಾತ್ರ ಯೋಗಾರ್ಥದಿಂದ ಹೊಂದುವುದಿಲ್ಲ. ಒಳನಾಡಿನ ಸಮುದ್ರವೊಂದನ್ನು ಬಿಟ್ಟು ಹೊರಬರದ ಗಿಡಕ್ಕೆ ಆ ಹೆಸರು ರೂಢಿಯಿಂದ ನಿಂತಿದೆಯೆಂದು ತಿಳಿಯಬೇಕು. ಇದರ ಎಲೆಗಳು ಪಟ್ಟಿಯ ಆಕಾರದವು. ಅಗಲ ಸುಮಾರು ಒಂದು ಸೆಂಟಿಮೀಟರು, ಉದ್ದವು ಒಂದು ಮೀಟರಿನವರೆಗೂ ಇರುವುದುಂಟು. ನೀರು ತಿಳಿಯಾಗಿದ್ದರೆ 40 ಮೀಟರುಗಳ ಆಳದವರೆಗೂ ಇದು ಹಬ್ಬುತ್ತದೆ. ಇದರ ಕಾಯನ್ನು ಇಟಲಿಯ ಜನರು ‘ಕಡಲ ಆಲಿವ್’ ಎಂದು ಕರೆಯುವರು. ಶುಂಠಿ ಅರಿಸಿನಗಳಿಗಿರುವಂತೆ ಇದಕ್ಕೂ ನೆಲದೊಳಗೆ ಹರಿದಾಡುವ ಕಾಂಡವುಂಟು. ಆ ಕಾಂಡವು ಅಡ್ಡಲಾಗಿಯೂ ಬೆಳೆಯುತ್ತದೆ, ಮರಳಿನಲ್ಲಿ ಹೂತುಹೋಗದಂತೆ ಮೇಲ್ಮುಖವಾಗಿಯೂ ಬೆಳೆಯುತ್ತದೆ. ಹೀಗೆ ತಲೆತಲಾಂತರದ ಕಾಂಡಗಳು, ಬೇರುಗಳು, ಎಲೆಬುಡದ ಕವಚಗಳು, ಅವುಗಳ ನಡುವೆ ಸಿಕ್ಕಿದ ಹೂಳು ಇವೆಲ್ಲ ಹೆಣೆದುಕೊಂಡು ಹಲವು ಮೀಟರುಗಳ ದಪ್ಪದ ಹಾಸುಗೆಯೊಂದು ಸಮುದ್ರತಳದಲ್ಲಿ ಏರ್ಪಡುವುದು. ಅದಕ್ಕೆ ಫ್ರೆಂಚರು ‘ಮ್ಯಾಟ್’ ಎನ್ನುವರು. ಅದು ಬಹು ನಿಧಾನವಾಗಿ ಮಾತ್ರ ಏಳುತ್ತದೆಂದು ಎಣಿಕೆ. ಈ ಹಾಸುಗೆಯ ವಿಷಯವು ಮುಂದೆ ಮುಖ್ಯವಾಗಿ ಬರಲಿರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಲೋಹವು ಹುಲ್ಲಿನೊಳಗೆ ಸೇರುವ ಕ್ರಮವೆಂತು? ನೆಲದ ಗಿಡವು ಆಹಾರವನ್ನು ಮುಖ್ಯವಾಗಿ ಬೇರಿನಿಂದ ಪಡೆಯುತ್ತದೆ. ಅದರ ಎಲೆಗೆ ನೀರು ಒಣಗದಂತೆ ದಪ್ಪನಾದ ಮೇಣದ ಹೊದಿಕೆಯಿದೆ, ಗಾಳಿಯಾಡಲು ರಂಧ್ರಗಳಿವೆ. ನೀರಿನಲ್ಲಿಯೇ ಮುಳುಗಿರುವ ಹುಲ್ಲಿಗೆ ಈ ರಂಧ್ರಗಳಿಂದ ಪ್ರಯೋಜನವಿಲ್ಲ, ಅವು ಲೋಪವಾಗಿವೆ. ಮೇಣದ ಹೊದಿಕೆಯೂ ಬಹು ತೆಳುವಾಗಿದೆ. ಆದಕಾರಣ ಕಡಲಹುಲ್ಲಿನ ಎಲೆಯ ಮೈಯೆಲ್ಲವೂ ಬೇರಿನ ಕೆಲಸವನ್ನೂ ಮಾಡುತ್ತದೆ. ಸುತ್ತಲಿನ ನೀರಿನಿಂದ ಎಲೆಯೂ, ತಳದ ಕೆಸರಿನಿಂದ ಬೇರೂ, ಹೀಗೆ ಎರಡು ಬಾಯಿಗಳಿಂದ ಅದು ಉಣ್ಣುತ್ತದೆ. ಉಣಿಸಿನೊಡನೆ ವಿಷವೂ ಒಳಗೆ ಹೋಗುವುದು.

ನೀರಿನಲ್ಲಿ ಕರಗಿದ ಲೋಹವು ಬಹುಮಟ್ಟಿಗೆ ಧನವಿದ್ಯುತ್ತಿನ ಕಣಗಳಾಗಿ, ಎಂದರೆ ಅಯಾನುಗಳಾಗಿ, ಇರುತ್ತದೆ. ಎಲೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟುಪದಾರ್ಥವು ಋಣವಿದ್ಯುತ್ತಿನ ಸ್ಥಾನಗಳಿಂದ ಕೂಡಿದೆ. ಇದಲ್ಲದೆ ನೆಲದ ಸಸ್ಯಗಳಲ್ಲಿ ಕಾಣದ, ಕಡಲಪಾಚಿಗಳಲ್ಲಿ ಮಾತ್ರ ಸಾಮಾನ್ಯವಾದ, ಗಂಧಕಯುಕ್ತ ಶರ್ಕರದ ಸರಪಣಿಗಳೂ ಕಡಲಹುಲ್ಲಿನ ಕೋಶಭಿತ್ತಿಯಲ್ಲಿ ಇವೆಯೆಂದು ಗೊತ್ತಾಗಿದೆ. ಋಣವು ಧನವನ್ನು ಆಕರ್ಷಿಸುವುದು ಸ್ವಭಾವ. ಹೀಗಾಗಿ ಲೋಹದ ಅಯಾನುಗಳು ಮೊದಲು ಗೋಡೆಗೆ ಅಂಟಿಕೊಳ್ಳುವುವು. ಇದಕ್ಕೆ ಜೀವವೇ ಬೇಕೆಂದಿಲ್ಲ. ಸತ್ತ ಎಲೆಯೂ ಇಷ್ಟನ್ನು ಮಾಡುತ್ತದೆ. ಎರಡನೆಯ ಹೆಜ್ಜೆಯಲ್ಲಿ ಮಾತ್ರ ಜೀವದ ವ್ಯಾಪಾರವುಂಟು. ಕೋಶದ ಒಳಪೊರೆಯಲ್ಲಿ ಸುಣ್ಣದಂಶ, ಕಬ್ಬಿಣ, ಸತು ಮೊದಲಾದ ಬೇಕಾದ ವಸ್ತುಗಳನ್ನು ಬರಮಾಡಿಕೊಳ್ಳುವುದಕ್ಕೆ ದ್ವಾರಗಳಿವೆ. ಕ್ಯಾಡ್ಮಿಯಂ ಎಂಬ ಲೋಹವು ಸುಣ್ಣದಂಶದ ಅಯಾನಿಗೆ ಗಾತ್ರದಲ್ಲಿಯೂ, ಸತುವಿಗೆ ಗುಣದಲ್ಲಿಯೂ ಸಮೀಪವಾದುದರಿಂದ ಆ ದ್ವಾರಗಳಲ್ಲಿಯೇ ವೇಷಧಾರಿಯಂತೆ ನುಸುಳುವುದು. ತಾಮ್ರ ಸತುಗಳು ಮಿತವಾಗಿ ಸಸ್ಯಕ್ಕೆ ಅವಶ್ಯ, ಅತಿಯಾದರೆ ಮಾರಕ. ಸೀಸ ಪಾರದಗಳಿಂದ ಸಸ್ಯಕ್ಕೆ ಯಾವ ಪ್ರಯೋಜನವೂ ಇದ್ದಂತೆ ಕಂಡುಬಂದಿಲ್ಲ.

ಒಳಗೆ ಬಂದ ಶತ್ರುವನ್ನು ಹೊರದೂಡಲು ಶಕ್ತಿ ಸಾಲದಿದ್ದಾಗ ಸೆರೆಯಲ್ಲಿಡುವುದೇ ಉಪಾಯ. ಗಂಧಕವು ಲೋಹಗಳೊಡನೆ ಬಿಗಿಯಾಗಿ ಕೂಡುವ ಮೂಲದ್ರವ್ಯ. ಪಾರದವನ್ನು ಗಂಧಕದಿಂದ ಕಟ್ಟುವ ವಿಧಾನವು ನಮ್ಮ ರಸಶಾಸ್ತ್ರಜ್ಞರಿಗೂ ಚಿರಪರಿಚಿತ. ಕೋಶದೊಳಗೆ ಗ್ಲುಟಾಥಯೋನ್ ಎಂಬ ಗಂಧಕಯುಕ್ತ ವಸ್ತುವಿದೆ. ಅದರ ತುಂಡುಗಳನ್ನು ಪೋಣಿಸಿ ಸಸ್ಯವು ಫೈಟೋಕೆಲಾಟಿನ್ ಎಂಬ ಸರವನ್ನು ಕಟ್ಟುತ್ತದೆ. ಇದನ್ನು ಜರ್ಮನಿಯ ವಿದ್ವಾಂಸರು 1985ರಲ್ಲಿ ಕಂಡುಹಿಡಿದರು. ಮೆಟಲೋಥಯೋನೀನ್ ಎಂಬ ಮತ್ತೊಂದು ಬಂಧಕವಸ್ತುವು 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಗೊತ್ತಾದುದು. ಅದನ್ನು ನಿರ್ಮಿಸುವ ವಂಶಬೀಜಗಳು ಪೊಸಿಡೋನಿಯಾದಲ್ಲಿಯೂ ಇವೆ. ಇವು ಲೋಹವನ್ನು ಕಟ್ಟಿಹಾಕುವುವು. ಫೈಟೋಕೆಲಾಟಿನ್ನಿನಿಂದ ಬದ್ಧವಾದ ಲೋಹವು ಕೋಶದೊಳಗಿನ ರಸಕೋಷ್ಠದಲ್ಲಿ, ಜೀವವ್ಯಾಪಾರಗಳಿಂದ ದೂರವಾಗಿ, ಬಂದಿಯಾಗಿರುವುದು. ಗಮನಿಸತಕ್ಕದ್ದೇನೆಂದರೆ, ಇಲ್ಲಿ ಎಲ್ಲಿಯೂ ಲೋಹವು ನಾಶವಾಗುವುದಿಲ್ಲ. ಅಗ್ನಿಯು ಕಾಷ್ಠವನ್ನು ಸುಟ್ಟಂತೆ ಸೂಕ್ಷ್ಮಜೀವಿಗಳು ಎಣ್ಣೆಯನ್ನೋ ಕೊಳೆಯನ್ನೋ ವಿಭಜಿಸಿ ಇಲ್ಲದಂತೆ ಮಾಡಬಲ್ಲವು. ಲೋಹವು ಮೂಲದ್ರವ್ಯ. ಅದನ್ನು ಇನ್ನೊಂದಾಗಿ ಮಾಡುವುದು ಯಾವ ಪ್ರಾಣಿಗೂ ಸಸ್ಯಕ್ಕೂ ಸಾಧ್ಯವಿಲ್ಲ. ಅದರ ಸ್ಥಳ ಬದಲಾಗುವುದು, ಸಂಗಡಿಗರು ಬದಲಾಗುವರು, ಅಷ್ಟೇ.

ಬೇರಿನ ಕಡೆಯ ವ್ಯವಹಾರವು ಇನ್ನೂ ಸ್ವಾರಸ್ಯವಾದದ್ದು. ಸಮುದ್ರತಳದ ಕೆಸರಿನಲ್ಲಿ ಮೇಲ್ಪದರವನ್ನು ಬಿಟ್ಟರೆ ಆಮ್ಲಜನಕವಿಲ್ಲ. ಅಲ್ಲಿ ಕೊಳೆತ ಮೊಟ್ಟೆಯ ನಾತವುಳ್ಳ ಸಲ್ಫೈಡು ಹುಟ್ಟುತ್ತದೆ. ಅದು ಲೋಹಗಳೊಡನೆ ಸೇರಿ ನೀರಿನಲ್ಲಿ ಕರಗದ ಸಂಯುಕ್ತಗಳಾಗಿ ಅವುಗಳನ್ನು ಕೆಸರಿನಲ್ಲಿಯೇ ಬಂಧಿಸುತ್ತದೆ. ಆದರೆ ಕಡಲಹುಲ್ಲಿನ ಎಲೆಯಿಂದ ಬೇರಿನವರೆಗೆ ಗಾಳಿಯ ನಾಳಗಳಿವೆ. ಹಗಲಿನಲ್ಲಿ ಎಲೆಯು ಉತ್ಪತ್ತಿಮಾಡಿದ ಆಮ್ಲಜನಕವು ಆ ನಾಳಗಳ ಮೂಲಕ ಇಳಿದು ಬೇರಿನ ಸುತ್ತಲೂ ಒಸರುವುದು. ಬೇರು ಸಲ್ಫೈಡಿನಿಂದ ಸಾಯದಿರುವುದಕ್ಕೆ ಇದೇ ರಕ್ಷೆ. ಆದರೆ ಆಮ್ಲಜನಕ ತಗುಲಿದ ಕಡೆ ಸಲ್ಫೈಡಿನ ಕಟ್ಟು ಬಿಚ್ಚಿ ಲೋಹವು ಸ್ವಲ್ಪಮಟ್ಟಿಗೆ ಬಿಡುಗಡೆಯಾಗುವುದೂ ಉಂಟು. ಹಾಗೆ ಬಿಡುಗಡೆಯಾದುದನ್ನು ಬೇರು ಹೀರಬಹುದು. ಕೆಸರಿನಲ್ಲಿ ಹೂತ ವಿಷವು ಎಲೆಗೆ ಏರಿಬರುವ ಮಾರ್ಗಗಳಲ್ಲಿ ಇದೊಂದು. ಆದುದರಿಂದ ಹುಲ್ಲು ವಿಷವನ್ನು ಕೆಳಗಿಳಿಸುತ್ತದೆ ಎಂಬುದು ಎಷ್ಟು ನಿಜವೋ ಮೇಲೆತ್ತುತ್ತದೆ ಎಂಬುದೂ ಅಷ್ಟೇ ನಿಜ.

ನೀರಿನ ಗುಣವೂ ಗಣನೆಗೆ ಬರುತ್ತದೆ. ಉಪ್ಪುನೀರಿನಲ್ಲಿ ಕ್ಯಾಡ್ಮಿಯಂ ಬಹುಭಾಗ ಕ್ಲೋರೈಡಿನೊಡನೆ ಕೂಡಿಕೊಂಡಿರುವುದರಿಂದ ಸಸ್ಯಕ್ಕೆ ಸುಲಭವಾಗಿ ದೊರೆಯದು. ಅಳಿವೆಗಳಲ್ಲಿ ಸಿಹಿನೀರು ಬೆರೆತು ಉಪ್ಪು ಕಡಮೆಯಾದಾಗ ಅದೇ ಪ್ರಮಾಣದ ಲೋಹವು ಹೆಚ್ಚಾಗಿ ಒಳಸೇರುವುದು.

ಮೇಲೆ ಹೇಳಿದುದೆಲ್ಲ ಒಂದೊಂದು ಗಿಡದ ವ್ಯಾಪಾರ. ಹುಲ್ಲುಗಾವಲಿನ ಒಟ್ಟು ವ್ಯಾಪಾರವು ಇದಕ್ಕಿಂತ ದೊಡ್ಡದು. ಒತ್ತಾಗಿ ನಿಂತ ಎಲೆಗಳ ನಡುವೆ ನೀರಿನ ವೇಗವು ತಗ್ಗುತ್ತದೆ. ವೇಗವು ತಗ್ಗಿದರೆ ನೀರಿನಲ್ಲಿ ತೇಲುತ್ತಿದ್ದ ಸಣ್ಣ ಮಣ್ಣಿನ ಕಣಗಳು ತಳಕ್ಕಿಳಿಯುವುವು. ಸೀಸ ಪಾರದಗಳಂಥ ಲೋಹಗಳು ಇಂಥ ಕಣಗಳಿಗೆ ಅಂಟಿಕೊಂಡೇ ಸಂಚರಿಸುವುದು ಹೆಚ್ಚು. ಆದಕಾರಣ ಎಲೆಯು ಹೀರಿದುದಕ್ಕಿಂತ ಎಲೆಯ ಬುಡದಲ್ಲಿ ಕುಳಿತದ್ದೇ ಅನೇಕ ಕಡೆಗಳಲ್ಲಿ ಮಿಗಿಲು.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ಎಲೆಯಲ್ಲಿ ಆಗಲಿ ಬುಡದಲ್ಲಿ ಆಗಲಿ, ನೀರಿನಿಂದ ಲೋಹವು ಕಳೆಯಿತಲ್ಲವೆ? ಅದೇ ಶುದ್ಧಿಯಲ್ಲವೆ? ಸಮಾಧಾನವೇನೆಂದರೆ, ಎಲೆಯು ಶಾಶ್ವತವಲ್ಲ. ಪೊಸಿಡೋನಿಯಾದ ಎಲೆಯು ಕೆಲವು ತಿಂಗಳು ಬಾಳಿ, ವಿಶೇಷವಾಗಿ ಶರತ್ಕಾಲದಲ್ಲಿ, ಉದುರುತ್ತದೆ. ಉದುರಿದ ಎಲೆಗಳಲ್ಲಿ ಕೆಲವು ದಡಕ್ಕೆ ಬಂದು ರಾಶಿಬೀಳುವುವು. ಕೆಲವು ಆಳಕ್ಕೆ ಹೋಗುವುವು. ಕೆಲವು ಅಲ್ಲಿಯೇ ಕೊಳೆತು ತಮ್ಮಲ್ಲಿದ್ದುದನ್ನು ನೀರಿಗೆ ಹಿಂದಿರುಗಿಸುವುವು. ಹಸುರಿರುವಾಗಲೇ ಎಲೆಯನ್ನು ಮೇಯುವ ಮೀನು ಮತ್ತು ಕಡಲಮುಳ್ಳಿನ ಪ್ರಾಣಿಗಳ ಮೂಲಕ ಒಂದಂಶವು ಜೀವಿಗಳ ಆಹಾರಪರಂಪರೆಗೆ ಸೇರುವುದು. ಹೀಗಿರಲಾಗಿ, ಎಲೆಯು ಲೋಹವನ್ನು ಋಣವಾಗಿ ಪಡೆದು ಹಿಂದಿರುಗಿಸುವ ಮಧ್ಯಸ್ಥನೇ ಹೊರತು ತೀರಿಸುವವನಲ್ಲ.

ಇದಕ್ಕೆ ದೃಷ್ಟಾಂತವು ಕಾರ್ಸಿಕಾ ದ್ವೀಪದ ಉತ್ತರದ ಚಾಚಿನಲ್ಲಿ ದೊರೆಯುತ್ತದೆ. ಅಲ್ಲಿಯ ಕನಾರಿ ಎಂಬ ಊರಿನಲ್ಲಿ ಕಲ್ನಾರಿನ ಗಣಿಯೊಂದಿದ್ದಿತು. ಅಲ್ಲಿಯ ಬಂಡೆಯು ನಿಕೆಲ್, ಕ್ರೋಮಿಯಂ, ಕೋಬಾಲ್ಟುಗಳಿಂದ ಕೂಡಿದ ಜಾತಿಯದು. ಗಣಿಯವರು ಕಲ್ಲಿನ ಪುಡಿಯನ್ನೆಲ್ಲ ಸಮುದ್ರಕ್ಕೆ ಸುರಿದರು. ಸಮೀಪದ ತೀರಗಳಲ್ಲಿ ಕಪ್ಪುಕಲ್ಲಿನ ಹೊಸ ದಡವೇ ನಿರ್ಮಾಣವಾಗುವಷ್ಟು ಸುರಿದರು. ಗಣಿಯು 1965ರಲ್ಲಿ ಮುಚ್ಚಿತು. ಅದಾದ ಸುಮಾರು ನಾಲ್ವತ್ತು ವರ್ಷಗಳ ಮೇಲೆ ಅಲ್ಲಿಯ ಪೊಸಿಡೋನಿಯಾವನ್ನು ಪರೀಕ್ಷಿಸಿದ ವಿದ್ವಾಂಸರಿಗೆ ಆ ಮೂರು ಲೋಹಗಳೂ ಹುಲ್ಲಿನಲ್ಲಿ ಅಧಿಕವಾಗಿಯೇ ಕಂಡುವು. ಹುಲ್ಲು ಶುದ್ಧಿಕಾರಕವಾಗಿದ್ದರೆ ನಾಲ್ವತ್ತು ವರ್ಷಗಳು ಸಾಲದಾಗಿದ್ದುವೆ? ಅದು ಪ್ರತಿವರ್ಷವೂ ಹೀರಿತು, ಪ್ರತಿವರ್ಷವೂ ಉದುರಿಸಿತು. ಮೂಲವಾದ ಕಲ್ಲುರಾಶಿಯು ಮಾತ್ರ ಇದ್ದಲ್ಲಿಯೇ ಇದ್ದು ನೀರಿಗೆ ಕರಗುತ್ತಲೇ ಬಂದಿತು.

ಹಾಗಾದರೆ ಈ ಲೋಹಗ್ರಹಣದಿಂದ ಪ್ರಯೋಜನವೇ ಇಲ್ಲವೆಂದು ತಿಳಿಯಬಾರದು. ಪ್ರಯೋಜನವು ಬೇರೊಂದು ಬಗೆಯದು, ಅದು ಸಾಕ್ಷ್ಯ. ಪೊಸಿಡೋನಿಯಾದ ಎಲೆಯು ಉದುರಿದರೂ ಅದರ ಬುಡದ ಕವಚವು ಕಾಂಡಕ್ಕೆ ಅಂಟಿಕೊಂಡು ಉಳಿಯುತ್ತದೆ, ಬೇಗನೆ ಕೊಳೆಯದು. ಈ ಕವಚಗಳ ದಪ್ಪವು ಕ್ರಮವಾಗಿ ಏರಿ ಇಳಿಯುವುದು. ಒಂದು ಏರಿಳಿತಕ್ಕೆ ಒಂದು ವರ್ಷ. ಫ್ರಾನ್ಸಿನ ವಿದ್ವಾಂಸರು 1980ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ಬೆಳಸಿ ಲೆಪಿಡೋಕ್ರೊನಾಲಜಿ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಲೆಪಿಸ್ ಎಂದರೆ ಶಲ್ಕ, ಕ್ರೊನೊಸ್ ಎಂದರೆ ಕಾಲ. ಶಲ್ಕಕಾಲಗಣನೆಯೆಂದು ಕನ್ನಡದಲ್ಲಿ ಹೇಳಬಹುದು. ಮರವನ್ನು ಕೊಯ್ದು ಉಂಗುರಗಳನ್ನೆಣಿಸಿದಂತೆ ಕಾಂಡದ ತುದಿಯಿಂದ ಕೆಳಕ್ಕೆ ಕವಚಗಳನ್ನು ಒಂದೊಂದಾಗಿ ಬಿಡಿಸುತ್ತ, ದಪ್ಪವನ್ನು ಅಳೆಯುತ್ತ ಹೋದರೆ, ಇದು ಇಂಥ ವರ್ಷದ ಕವಚವೆಂದು ಹೇಳಬಹುದಾಗುತ್ತದೆ. ಆ ಕವಚದಲ್ಲಿ ಉಳಿದ ಲೋಹವನ್ನು ಅಳೆದರೆ ಆ ವರ್ಷದ ಸಮುದ್ರವು ಎಂಥದೆಂದು ತಿಳಿಯುವುದು.

ಇಟಲಿಯ ಟಸ್ಕನಿ ತೀರದಲ್ಲಿ ರೊಸಿನ್ಯಾನೊ ಎಂಬಲ್ಲಿ ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾಗಳನ್ನು ಮಾಡುತ್ತಿದ್ದ ಕಾರ್ಖಾನೆಯ ಬಳಿ ಈ ವಿದ್ಯೆಯು ಉಪಯೋಗಕ್ಕೆ ಬಂದಿತು. ಆ ಪದ್ಧತಿಯಲ್ಲಿ ಪಾರದವೇ ಒಂದು ವಿದ್ಯುದ್ಧ್ರುವ. ಅದರಲ್ಲಿ ಒಂದಂಶವು ತ್ಯಾಜ್ಯಜಲದೊಡನೆ ಸಮುದ್ರ ಸೇರುವುದು. ಈ ಹುಲ್ಲು ಪಾರದದ ಭೂತ ವರ್ತಮಾನ ಎರಡನ್ನೂ ತಿಳಿಸುವ ಸೂಚಕವೆಂಬ ಪ್ರತಿಪಾದನೆಯು 1998ರಲ್ಲಿ ಪ್ರಕಟವಾಯಿತು. ಕಾರ್ಖಾನೆಯ ದಾಖಲೆಗಳು ಕಳೆದುಹೋಗಬಹುದು, ಬರೆಯುವವರು ಬರೆಯದೆಯೂ ಇರಬಹುದು. ಹುಲ್ಲಿಗೆ ಆ ಸ್ವಾತಂತ್ರ್ಯವಿಲ್ಲ. ಯೂರೋಪಿನ ಒಕ್ಕೂಟದಲ್ಲಿ ಪಾರದದಿಂದ ಕ್ಲೋರಿನ್ ಮಾಡುವ ಪದ್ಧತಿಗೆ 2017ರ ಕೊನೆಯ ವೇಳೆಗೆ ನಿಷೇಧವುಂಟಾಯಿತು.

ಕವಚಗಳ ಸಾಕ್ಷ್ಯವು ಕೆಲವು ದಶಕಗಳದು. ಮ್ಯಾಟ್ ಎಂಬ ಹಾಸುಗೆಯ ಸಾಕ್ಷ್ಯವಾದರೋ ಸಹಸ್ರಮಾನಗಳದು. ಸ್ಪೇನಿನ ಈಶಾನ್ಯದ ಪೋರ್ಟ್ ಲಿಗಾಟ್ ಎಂಬ ಸಣ್ಣ ಕೊಲ್ಲಿಯಲ್ಲಿ ಕೊಳವೆಯನ್ನು ಇಳಿಸಿ ಹಾಸುಗೆಯ ಸ್ತರಗಳನ್ನು ಹೊರತೆಗೆದು ಮಾಡಿದ ಪರಿಶೋಧನೆಯು 2011ರಲ್ಲಿ ಪ್ರಕಟವಾಗಿದೆ. ಅದರ ಅತ್ಯಂತ ಕೆಳಗಿನ ಸ್ತರವು ಇಂದಿಗೆ ಸುಮಾರು 4,500 ವರ್ಷಗಳ ಹಿಂದಿನದು. ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದರೆ, ಸುಮಾರು 2,800 ವರ್ಷಗಳ ಹಿಂದಿನವರೆಗೆ ಲೋಹಗಳ ಪ್ರಮಾಣವು ಪ್ರಕೃತಿಸಹಜವಾದುದು. ಅಲ್ಲಿಂದ ಮುಂದೆ ಕಬ್ಬಿಣ, ತಾಮ್ರ, ಸೀಸ, ಸತು, ಕ್ಯಾಡ್ಮಿಯಂ, ಪಾಷಾಣಗಳು ಏರತೊಡಗುವುವು. ಗ್ರೀಕರು ಬಂದ ಕಾಲದಲ್ಲಿಯೂ ರೋಮನರು ಆಳಿದ ಕಾಲದಲ್ಲಿಯೂ ಆ ಏರಿಕೆಯು ವಿಶೇಷವಾಗಿ ಕಾಣುವುದು. ಕಡೆಯ ಸಾವಿರ ವರ್ಷಗಳಲ್ಲಿ ಸೀಸವು ಗ್ರಾಮೊಂದಕ್ಕೆ 15 ಮೈಕ್ರೋಗ್ರಾಮುಗಳಿಂದ 47ಕ್ಕೂ, ಸತುವು 23ರಿಂದ 95ಕ್ಕೂ, ಪಾಷಾಣವು 8ರಿಂದ 228ಕ್ಕೂ ಏರಿದೆ. ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ ಓದಿ ರಾಜವಂಶಗಳ ಕಾಲವನ್ನು ನಿರ್ಣಯಿಸುವ ವಿದ್ವಾಂಸರಿಗೆ ಇಂಥ ಶಾಸನವೊಂದು ಸಮುದ್ರತಳದಲ್ಲಿಯೂ ಇದೆಯೆಂಬುದು ಕುತೂಹಲಕರವಾಗದಿರದು. ದಾನಶಾಸನದಲ್ಲಿ ಪ್ರಶಸ್ತಿಯ ಭಾಗದ ಅತ್ಯುಕ್ತಿಯನ್ನು ಕಳೆದು ಓದಬೇಕು. ಇಲ್ಲಿ ಅತ್ಯುಕ್ತಿಯಿಲ್ಲ, ಆದರೆ ಹೂಳಿನ ಸಹಜ ಲೋಹವೆಷ್ಟು, ಮನುಷ್ಯಕೃತವೆಷ್ಟು ಎಂಬುದನ್ನು ಬೇರ್ಪಡಿಸುವ ಕಷ್ಟವುಂಟು.

ಓದುವುದರಲ್ಲಿ ಬೇರೆ ಎಚ್ಚರಿಕೆಗಳೂ ಬೇಕು. ಎಲೆಯ ಮೇಲೆ ಸಣ್ಣ ಪಾಚಿಗಳೂ ಪ್ರಾಣಿಗಳೂ ಅಂಟಿ ಬೆಳೆಯುವುವು. ಅವನ್ನು ಕೆರೆದು ತೆಗೆಯದೆ ಅಳೆದರೆ ಅವುಗಳ ಲೋಹವನ್ನೂ ಹುಲ್ಲಿನ ಲೆಕ್ಕಕ್ಕೆ ಬರೆದಂತಾಗುವುದು. ಎಳೆಯ ಎಲೆಗೂ ಮುದಿಯ ಎಲೆಗೂ, ಎಲೆಗೂ ಬೇರಿಗೂ, ವಸಂತಕ್ಕೂ ಶರತ್ತಿಗೂ ಪ್ರಮಾಣದಲ್ಲಿ ಭೇದವುಂಟು. ಒಂದೇ ಬಗೆಯ ಅಂಗವನ್ನು ಒಂದೇ ಋತುವಿನಲ್ಲಿ ತೆಗೆದು ಹೋಲಿಸದ ಪಟ್ಟಿಗಳು ಎಷ್ಟು ಉದ್ದವಾಗಿದ್ದರೂ ಗ್ರಾಹ್ಯವಲ್ಲ.

ಹಾಸುಗೆಯು ವಿಷದ ನಿಕ್ಷೇಪವೂ ಆಗಿರುವುದರಿಂದ ಒಂದು ಭಯವುಂಟು. ಮೇಲಿನ ಹುಲ್ಲು ಜೀವದಿಂದಿರುವವರೆಗೆ ಹಾಸುಗೆಯು ಭದ್ರವಾಗಿರುವುದು. ದೊಡ್ಡ ಹಡಗಿನ ಲಂಗರು ಉತ್ತರೆ, ಬಲೆಯನ್ನು ತಳದ ಮೇಲೆ ಎಳೆದರೆ, ಅಥವಾ ನೀರು ಕದಡಿ ಬೆಳಕು ಕೆಳಗಿಳಿಯದಂತಾದರೆ ಹುಲ್ಲು ಸಾಯುವುದು. ಬಳಿಕ ಅಲೆಗಳು ಸ್ತರಗಳನ್ನು ಕೊರೆದು, ಶತಮಾನಗಳಿಂದ ಕೂಡಿಟ್ಟದ್ದನ್ನು ನೀರಿಗೆ ಚೆಲ್ಲುವುವು. ಅಡ್ಡಕಾಂಡವು ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳಷ್ಟು ಹರಿಯುವ ಈ ಜಾತಿಯು ಕಳೆದುಕೊಂಡ ನೆಲವನ್ನು ಮತ್ತೆ ಹಿಡಿಯಲು ಮನುಷ್ಯನ ಹಲವು ತಲೆಮಾರುಗಳು ಬೇಕು. ಸ್ಪೇನಿನ ಬ್ಯಾಲಿಯಾರಿಕ್ ದ್ವೀಪಗಳ ಸರಕಾರವು ಈ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು 2018ರಲ್ಲಿ ಶಾಸನದ ಮೂಲಕ ತಡೆದುದು ಯುಕ್ತವೇ ಆಗಿದೆ. ಕಾರ್ಖಾನೆಯ ಕೊಳಚೆಗೆ ಎದುರಾಗಿ ಹುಲ್ಲನ್ನು ನೆಟ್ಟರೆ ಸಾಕೆಂದು ವಾದಿಸುವವರು ಈ ಅಂಶವನ್ನು ಮರೆಯುವರು. ಲೋಹವು ಅತಿಯಾದ ಕಡೆ ಹುಲ್ಲಿನ ಬೆಳವಣಿಗೆಯೇ ಕುಂದುವುದರಿಂದ, ಕಾವಲಿಗೆ ನಿಲ್ಲಿಸಿದವನೇ ಮೊದಲು ಬೀಳುವನು.

ಸತ್ತ ಎಲೆಯೂ ಲೋಹವನ್ನು ಹಿಡಿಯುತ್ತದೆಂದು ಹಿಂದೆ ಹೇಳಿತಷ್ಟೆ. ದಡಕ್ಕೆ ಬಿದ್ದ ಒಣ ಎಲೆಗಳನ್ನು ತೊಳೆದು ಪುಡಿಮಾಡಿ, ತ್ಯಾಜ್ಯಜಲವನ್ನು ಅದರ ಮೂಲಕ ಸೋಸುವ ಪ್ರಯೋಗಗಳು ಭೂಮಧ್ಯಸಮುದ್ರದ ಸುತ್ತಲಿನ ಪ್ರಯೋಗಶಾಲೆಗಳಲ್ಲಿ ನಡೆದಿವೆ. ತಾಮ್ರ ಸೀಸಗಳು ಅದರಿಂದ ಚೆನ್ನಾಗಿ ಇಳಿಯುತ್ತವೆ. ಶುದ್ಧಿಯೆಂಬ ಮಾತು ಸಾರ್ಥಕವಾಗುವುದಾದರೆ ಇಲ್ಲಿ. ಏಕೆಂದರೆ ಇಲ್ಲಿ ನೀರು ಸಮುದ್ರಕ್ಕೆ ಸೇರುವ ಮುನ್ನವೇ ಲೋಹವು ಕೈಗೆ ಸಿಕ್ಕುತ್ತದೆ. ಆಗಲೂ ಆ ಪುಡಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯು ಉಳಿಯುವುದು; ಅದನ್ನು ಮತ್ತೆ ದಡದಲ್ಲಿ ಚೆಲ್ಲಿದರೆ ಮೊದಲಿನಂತೆಯೇ ಆಯಿತು.

ಭಾರತದಲ್ಲಿ ಕಡಲಹುಲ್ಲಿನ ವಿಸ್ತಾರವಾದ ಗಾವಲುಗಳು ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಖಾರಿಗಳಲ್ಲಿ ಇವೆ. ಅವನ್ನು ಮೇದು ಬದುಕುವ ಕಡಲಹಸುವಿನ ರಕ್ಷಣೆಗಾಗಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರುಗಳ ಕ್ಷೇತ್ರವು 2022ರಲ್ಲಿ ಗೊತ್ತುಪಡಿಸಲ್ಪಟ್ಟಿತು. ಅಲ್ಲಿಯ ಜಾತಿಗಳು ಬೇರೆ. ಪೊಸಿಡೋನಿಯಾದಂತೆ ಸಾವಿರಾರು ವರ್ಷಗಳ ಹಾಸುಗೆಯನ್ನು ಅವು ಕಟ್ಟುವುದಿಲ್ಲ. ಎಲೆಯ ಲೋಹವು ಹುಲ್ಲೇ ಆಹಾರವಾದ ಪ್ರಾಣಿಯ ಮೈಗೆ ನೇರವಾಗಿ ಹೋಗುವುದರಿಂದ ಅಲ್ಲಿ ವಿಚಾರಿಸತಕ್ಕದ್ದು ಹಿಂದಿನ ಕಾಲದ್ದಕ್ಕಿಂತ ಇಂದಿನದು. ಕನ್ನಡ ಕರಾವಳಿಯ ತೆರೆದ ಕಡಲಿನಲ್ಲಿ, ಮಳೆಗಾಲದ ಅಬ್ಬರಕ್ಕೂ ಕದಡಿದ ನೀರಿಗೂ ಸಿಕ್ಕಿ, ಇಂಥ ಗಾವಲುಗಳು ಏರ್ಪಡಲಿಲ್ಲ. ಆದರೆ ರೊಸಿನ್ಯಾನೊದಲ್ಲಿದ್ದ ಕಷ್ಟವು ಇಲ್ಲಿಗೆ ಅಪರಿಚಿತವಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸಮೀಪದಲ್ಲಿ ಪಾರದವಿರುವುದನ್ನು ಕುರಿತ ಪರಿಶೋಧನೆಯು 1990ರಲ್ಲಿ ಪ್ರಕಟವಾಗಿದೆ. ಭಾರತದ ಈ ಉದ್ಯಮವು ತರುವಾಯ ಪಾರದವನ್ನು ಬಿಟ್ಟು ಪೊರೆಯ ಮೂಲಕ ಉಪ್ಪುನೀರನ್ನು ವಿಭಜಿಸುವ ಪದ್ಧತಿಯನ್ನು ಅವಲಂಬಿಸಿತು. ಬಂಡೆಗೆ ಅಂಟಿ ಬಾಳುವ ಚಿಪ್ಪಿನ ಪ್ರಾಣಿಗಳು ನೀರನ್ನು ಸೋಸಿ ಉಣ್ಣುವುದರಿಂದ ಸದ್ಯದ ಲೋಹದ ಪ್ರಮಾಣವನ್ನು ತಿಳಿಸಬಲ್ಲವು. ಕಳೆದ ವರ್ಷಗಳ ವೃತ್ತಾಂತವನ್ನು ಹುಲ್ಲಿನ ಹಾಸುಗೆಯಂತೆ ಹೇಳಲಾರವು. ಹುಲ್ಲಿಲ್ಲದ ಆ ತೀರದಲ್ಲಿ ಆ ವೃತ್ತಾಂತವನ್ನು ಅಲೆ ತಗುಲದ ಹಿನ್ನೀರಿನ ಕೆಸರಿನ ಸ್ತರಗಳಲ್ಲಿಯೇ ಹುಡುಕಬೇಕಾಗುವುದು.